ಐಸ್ ಕೊಡದ ಸೆನ್ಸರ್, ರೈಲು ಹತ್ತಿದ ಲಾರಿ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಮೀನಿನ ಬಾಕ್ಸ್ ಒಳಗೆ ಇಡುವ ಚಿಕ್ಕ ಉಪಕರಣ ಅದು. ಒಂದು ಟೆಂಪರೇಚರ್ ಸೆನ್ಸರ್, ಒಂದು ಆರ್ಡುಯಿನೊ, ಒಂದು ಬ್ಲೂಟೂತ್ ಮಾಡ್ಯೂಲ್. ಬಾಕ್ಸ್ ಒಳಗಿನ ಉಷ್ಣಾಂಶ 5 ಡಿಗ್ರಿ ದಾಟಿದ ಕೂಡಲೇ ಫೋನಿಗೆ ಅಲರ್ಟ್ ಬರ್ತದೆ. ವೈವಾದಲ್ಲಿ ಮಾರ್ಕ್ಸ್ ಚೆನ್ನಾಗೇ ಬಂತು. "ಇದನ್ನ ಪ್ರಾಡಕ್ಟ್ ಮಾಡಬಹುದು" ಅಂತ ಒಬ್ಬರು ಹೇಳಿದ್ದೇ ತಡ, ನಮ್ಮ ತಲೆಯಲ್ಲಿ ಕಂಪನಿಯ ಹೆಸರೂ ರೆಡಿ ಆಯ್ತು.

ನಮ್ಮೂರು ಕುಮಟಾ. ರಜೆಗೆ ಹೋದಾಗ ಅದನ್ನ ಮೀನು ಮಾರ್ಕೆಟ್ಟಿಗೆ ತಗೊಂಡು ಹೋದೆ. ನಮ್ಮ ಮನೆಗೆ ಮೀನು ಕೊಡುವ ಅಕ್ಕನಿಗೇ ಮೊದಲು ತೋರಿಸಿದೆ. ಅವರು ಸುಮ್ಮನೆ ಎಲ್ಲ ಕೇಳಿಸಿಕೊಂಡ್ರು. ಆಮೇಲೆ ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ ತೋರಿಸಿ, "ತಮಾ, ಮೀನು ಹಾಳಾಗ್ತಾ ಉಂಟು ಅಂತ ನಂಗೆ ಕೈಗೇ ಗೊತ್ತಾಗ್ತದೆ. ನಿನ್ನ ಮಿಷನ್ನು ಐಸ್ ಕೊಡ್ತದಾ?" ಅಂದ್ರು.

ಕೊಡೋದಿಲ್ಲ ಅಂದೆ.

"ಹಂಗಾರೆ ಅದು ಕೂಗಿದ್ ಮೇಲೆ ನಾ ಎಂತ ಮಾಡ್ಲಿ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಒಂದು ಹೊಸ ವಸ್ತು ಜನರ ಕೈಯಲ್ಲಿ ಯಾಕೆ ಓಡ್ತದೆ, ಇನ್ನೊಂದು ಯಾಕೆ ನಿಂತುಬಿಡ್ತದೆ? ನನಗಿರೋದು ಎರಡನೇ ವರ್ಷದ ವಿದ್ಯಾರ್ಥಿಯ ತಿಳುವಳಿಕೆ ಅಷ್ಟೇ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಸುತ್ತಮುತ್ತ ಕಣ್ಣು ಬಿಟ್ಟು ನೋಡಿದರೆ ಈ ಪಾಠಕ್ಕೆ ಬೇಕಾದ ಉದಾಹರಣೆ ಇಲ್ಲೇ ಸಿಗ್ತವೆ.

ಮೊದಲು ಸ್ವಲ್ಪ ಥಿಯರಿ

ಅಮೆರಿಕದ ಅಯೋವಾ ಜೋಳ ಬೆಳೆಯುವ ರಾಜ್ಯ. ಅಲ್ಲಿ 1928ರ ಸುಮಾರಿಗೆ ಹೈಬ್ರಿಡ್ ಮುಸುಕಿನ ಜೋಳದ ಬೀಜ ರೈತರಿಗೆ ಸಿಗತೊಡಗಿತು. ಇಳುವರಿ ಸುಮಾರು ಶೇ 20ರಷ್ಟು ಹೆಚ್ಚು, ಬರಗಾಲವನ್ನೂ ತಡೀತಿತ್ತು. ಅಂಥ ಬೀಜವನ್ನ ಎಲ್ಲರೂ ಮರುವರ್ಷವೇ ಹಾಕಿರಬೇಕು ಅಂತ ನಾವು ಅಂದುಕೊಳ್ತೇವೆ. ಹಾಗಾಗಲಿಲ್ಲ. ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 259 ರೈತರನ್ನು ಮಾತಾಡಿಸಿ 1943ರಲ್ಲಿ ಅಧ್ಯಯನ ಪ್ರಕಟಿಸಿದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೈಬ್ರಿಡ್‌ಗೆ ಬಂದಿದ್ದರು ನಿಜ, ಆದರೆ ಅದಕ್ಕೆ ಹಿಡಿದದ್ದು 13 ವರ್ಷ. ಹೆಚ್ಚಿನವರು ಮೊದಲ ವರ್ಷ ಒಂದು ತುಂಡು ಜಾಗದಲ್ಲಿ ಮಾತ್ರ ಹಾಕಿ ನೋಡಿದ್ದರು.

ಅದೇ ಅಯೋವಾದ ಒಬ್ಬ ರೈತನ ಮಗ ಎವರೆಟ್ ರೋಜರ್ಸ್. ಅವರ ಅಪ್ಪ ಹೈಬ್ರಿಡ್ ಬೇಡ ಅಂತ ಕೂತಿದ್ದರು. 1936ರ ಬರದಲ್ಲಿ ಪಕ್ಕದವರ ಹೈಬ್ರಿಡ್ ಬೆಳೆ ನಿಂತಿತು, ಇವರದ್ದು ಒಣಗಿತು. ಮಗ ದೊಡ್ಡವನಾಗಿ ಇದನ್ನೇ ಅಧ್ಯಯನ ಮಾಡಿ 1962ರಲ್ಲಿ ಹೊಸತು ಹೇಗೆ ಹರಡ್ತದೆ ಎಂಬ ಬಗ್ಗೆ ಪುಸ್ತಕ ಬರೆದರು. ಅವರ ಪ್ರಕಾರ ಒಂದು ಹೊಸ ವಸ್ತು ಬೇಗ ಹರಡಬೇಕಾದರೆ ಐದು ಗುಣ ಬೇಕು.

ಒಂದು, ಲಾಭ. ಈಗ ಇರೋದಕ್ಕಿಂತ ಇದು ಎಷ್ಟು ಮೇಲು?
ಎರಡು, ಹೊಂದಿಕೆ. ಈಗಿನ ಕೆಲಸ, ಅಭ್ಯಾಸ, ನಂಬಿಕೆಗೆ ಇದು ಕೂಡ್ತದಾ?
ಮೂರು, ಸರಳತೆ. ಕಲಿಯೋದು ಸುಲಭವಾ?
ನಾಲ್ಕು, ಪರೀಕ್ಷೆಗೆ ಅವಕಾಶ. ಸ್ವಲ್ಪ ಮಾತ್ರ ಬಳಸಿ ನೋಡಿ ಬೇಡ ಅಂದರೆ ಬಿಡಬಹುದಾ?
ಐದು, ಕಾಣುವಿಕೆ. ಇದರ ಫಲ ಪಕ್ಕದವರ ಕಣ್ಣಿಗೆ ಬೀಳ್ತದಾ?

ಗಮನಿಸಿ, "ತಂತ್ರಜ್ಞಾನ ಎಷ್ಟು ಹೊಸದು" ಅನ್ನುವ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ನಮ್ಮ ಪಿಪಿಟಿಯಲ್ಲಿ ಮೊದಲ ಸ್ಲೈಡೇ ಅದಾಗಿತ್ತು!

ಎರಡನೇ ಗುಣಕ್ಕೆ ನಮ್ಮ ತಾಲ್ಲೂಕಿನದ್ದೇ ಒಂದು ಉದಾಹರಣೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳಲ್ಲಿ ಕಗ್ಗ ಅಂತ ಒಂದು ಭತ್ತ ಬೆಳೀತಾರೆ. ಎತ್ತರಕ್ಕೆ ಬೆಳೆಯುವ, ಉಪ್ಪುನೀರು ಮತ್ತು ನೆರೆ ತಡೆಯುವ ತಳಿ. ಕಾಗದದ ಮೇಲೆ ಕಗ್ಗಕ್ಕಿಂತ ಹೆಚ್ಚು ಇಳುವರಿ ಕೊಡುವ ತಳಿಗಳು ಬೇಕಾದಷ್ಟಿವೆ. ಆದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಆ ಲೆಕ್ಕಕ್ಕೆ ಬೆಲೆ ಇಲ್ಲ. ಆ ಗದ್ದೆಯ ರೈತ "ಸುಧಾರಿತ" ಬೀಜ ಬೇಡ ಅಂದರೆ ಅವನು ಹಿಂದುಳಿದವನು ಅಂತಲ್ಲ. ಬೀಜ ಅವನ ಗದ್ದೆಗೆ ಹೊಂದುವುದಿಲ್ಲ, ಅಷ್ಟೇ.

ಒಂದೇ ಕಂಪನಿ, ಎರಡು ಪ್ರಾಡಕ್ಟ್

ಮಾರ್ಕೆಟ್ಟಿನಲ್ಲಿ ಮುಖ ಕೆಂಪಾದ ಆ ವಾರವೇ, ಭಾನುವಾರ ಸಂಜೆ, ಹಾಸ್ಟೆಲ್‌ಗೆ ವಾಪಸ್ ಬರೋಕೆ ಕುಮಟಾ ಸ್ಟೇಷನ್‌ನಲ್ಲಿ ಕೂತಿದ್ದೆ. ಆಗ ರೋರೋ ಬಂತು. ನಮ್ಮ ಕಡೆಯವರಿಗೆ ಇದು ಹೊಸ ದೃಶ್ಯ ಅಲ್ಲ. ಗೂಡ್ಸ್ ರೈಲಿನ ಮೇಲೆ ಸಾಲಾಗಿ ಲಾರಿಗಳು, ಲೋಡ್ ಸಮೇತ. ಒಂದು ಲಾರಿಯಲ್ಲಿ ಡ್ರೈವರ್ ಸ್ಟೇರಿಂಗ್ ಮೇಲೆ ಕಾಲು ಚಾಚಿ ಮಲಗಿದ್ದ. ಚಿಕ್ಕಂದಿನಿಂದ ಕೈಬೀಸಿ ಟಾಟಾ ಮಾಡಿದ್ದೇ ಹೊರತು, ಇದೂ ಒಂದು ಪ್ರಾಡಕ್ಟ್, ಯಾರೋ ಇದನ್ನ ಯೋಚಿಸಿ ಶುರು ಮಾಡಿದ್ದಾರೆ ಅಂತ ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಸುಮಾರು 740 ಕಿ.ಮೀ. ಮಾರ್ಗ, ದಾರಿ ತುಂಬಾ ಸುರಂಗ, ಸೇತುವೆ. ಹೊನ್ನಾವರದ ಶರಾವತಿ ಸೇತುವೆ ಒಂದೇ 2 ಕಿ.ಮೀ.ಗಿಂತ ಉದ್ದ. 1998ರ ಜನವರಿ 26ಕ್ಕೆ ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಆದರೆ ನಿಗಮಕ್ಕೆ ಸಾಲದ ಹೊರೆ ದೊಡ್ಡದಿತ್ತು, ಅಂದುಕೊಂಡಷ್ಟು ಸರಕು ಬರಲಿಲ್ಲ. ಸರಕೆಲ್ಲ ಪಕ್ಕದ ಹೆದ್ದಾರಿಯಲ್ಲಿ, ಆಗಿನ ಎನ್‌ಎಚ್ 17ರಲ್ಲಿ, ಲಾರಿ ಮೇಲೆ ಹೋಗ್ತಿತ್ತು.

ಲಾರಿಯವರು ರೈಲಿಗೆ ಯಾಕೆ ಬರಲ್ಲ? ರೈಲಿಗೆ ಹಾಕಬೇಕಾದರೆ ಸರಕನ್ನು ಲಾರಿಯಿಂದ ಇಳಿಸಬೇಕು, ವ್ಯಾಗನ್‌ಗೆ ಏರಿಸಬೇಕು, ಆ ಕಡೆ ಮತ್ತೆ ಇಳಿಸಿ ಮತ್ತೊಂದು ಲಾರಿಗೆ ಏರಿಸಬೇಕು. ಕೂಲಿ, ಕಾಯುವಿಕೆ, ಒಡೆಯೋದು, ಕಳವು, ಎಲ್ಲ ಸೇರ್ತದೆ. ಹಾಗಾಗಿ ಸರಕಿನ ಬದಲು ಲಾರಿಯನ್ನೇ ರೈಲಿಗೆ ಹತ್ತಿಸಿದರೆ? 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ನಾ ನಡುವೆ ಈ ಸೇವೆ ಶುರುವಾಯಿತು. 2004ರಲ್ಲಿ ಅದು ನಮ್ಮ ಊರುಗಳನ್ನು ದಾಟಿ ಸುರತ್ಕಲ್‌ವರೆಗೆ ಬಂತು.

ಈಗ ರೋಜರ್ಸ್ ಪಟ್ಟಿ ಹಿಡಿದು ಟಿಕ್ ಹಾಕೋಣ. ಲಾಭ: ಡೀಸೆಲ್, ಟೈರ್, ಬ್ರೇಕ್ ಸವೆಯೋದು, ಮಳೆಗಾಲದ ಘಟ್ಟದ ತಿರುವು, ಡ್ರೈವರ್‌ನ ನಿದ್ದೆ, ಎಲ್ಲ ಉಳೀತದೆ. ಹೊಂದಿಕೆ: ಲಾರಿ ಅದೇ, ಡ್ರೈವರ್ ಅವನೇ, ಸರಕು ಅವನ ಕಣ್ಣೆದುರೇ. ವ್ಯಾಪಾರದ ಪದ್ಧತಿಯಲ್ಲಿ ಏನೂ ಬದಲಾಗಲಿಲ್ಲ. ಸರಳತೆ: ರೇಕಿನ ತುದಿಯ ರ‍್ಯಾಂಪ್ ಹತ್ತಿ, ಚಪ್ಪಟೆ ವ್ಯಾಗನ್‌ಗಳ ಮೇಲೆ ಓಡಿಸಿಕೊಂಡು ಹೋಗಿ ನಿಲ್ಲಿಸೋದು. ಲಾರಿ ಓಡಿಸೋದು ಅವನಿಗೆ ಗೊತ್ತೇ ಇದೆ. ಪರೀಕ್ಷೆ: ಒಂದು ಟ್ರಿಪ್ ಹೋಗಿ ನೋಡಬಹುದು, ಸರಿಬರದಿದ್ದರೆ ಮುಂದಿನ ಸಲ ರಸ್ತೆ ಇದ್ದೇ ಇದೆ. ಕಾಣುವಿಕೆ: ಹೆದ್ದಾರಿಯ ಪಕ್ಕದಲ್ಲೇ ಹಳಿ. ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ಡ್ರೈವರ್‌ಗೆ ರೈಲಿನ ಮೇಲೆ ಮಲಗಿ ಹೋಗ್ತಿರುವ ಡ್ರೈವರ್ ಕಾಣ್ತಾನೆ. ಇದಕ್ಕಿಂತ ಒಳ್ಳೆ ಜಾಹೀರಾತು ಯಾವುದು!

ರೈಲ್ವೆ ಕಡೆಯಿಂದಲೂ ನೋಡಿ. ಹಳಿ ಇದೆ, ಎಂಜಿನ್ ಇದೆ, ಚಪ್ಪಟೆ ವ್ಯಾಗನ್ ಇದೆ. ಹೊಸದಾಗಿ ಬೇಕಾದದ್ದು ರ‍್ಯಾಂಪು, ಲಾರಿ ಅಲುಗದ ಹಾಗೆ ಕಟ್ಟುವ ವ್ಯವಸ್ಥೆ, ಸುರಂಗಕ್ಕೆ ತಾಗದ ಹಾಗೆ ಎತ್ತರ ಅಳೆಯುವ ಶಿಸ್ತು. ಸೋತರೂ ಕಳೆದುಕೊಳ್ಳೋದು ಕಡಿಮೆ.

ಈಗ ಅದೇ ಕಂಪನಿಯ ಇನ್ನೊಂದು ಪ್ರಾಡಕ್ಟ್, ಸ್ಕೈಬಸ್. ನಿಗಮದ ಮುಖ್ಯಸ್ಥರಾಗಿದ್ದ ಬಿ. ರಾಜಾರಾಂ ಅವರ ಕಲ್ಪನೆ. ನಗರದ ರಸ್ತೆ ಮಧ್ಯೆ ಕಂಬ ನಿಲ್ಲಿಸಿ, ಮೇಲೆ ಹಳಿ ಹಾಕಿ, ಅದರ ಕೆಳಗೆ ಬೋಗಿಗಳು ತೂಗಿಕೊಂಡು ಓಡುವ ವ್ಯವಸ್ಥೆ. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ರೋರೋಗಿಂತ ಎಷ್ಟೋ ಪಾಲು ರೋಚಕ. ನಮ್ಮ ಕಾಲೇಜಿನಲ್ಲಿ ಎರಡನ್ನೂ ಪ್ರಾಜೆಕ್ಟ್ ಅಂತ ತೋರಿಸಿದರೆ ಬಹುಮಾನ ಸ್ಕೈಬಸ್‌ಗೇ ಹೋಗ್ತದೆ, ರೋರೋಗೆ "ಇದರಲ್ಲಿ ಹೊಸತೇನಿದೆ?" ಅಂತ ಕೇಳ್ತಾರೆ.

ಗೋವಾದ ಮಡಗಾಂವ್‌ನಲ್ಲಿ ಸುಮಾರು 1.6 ಕಿ.ಮೀ. ಪ್ರಯೋಗದ ಹಳಿ ಕಟ್ಟಿದರು. 2004ರ ಸೆಪ್ಟೆಂಬರ್ 25ರ ಪ್ರಯೋಗದಲ್ಲಿ ಅಪಘಾತವಾಗಿ ಒಬ್ಬ ಉದ್ಯೋಗಿ ತೀರಿಕೊಂಡರು, ಕೆಲವರಿಗೆ ಗಾಯವಾಯಿತು. ಯೋಜನೆ ಮುಂದೆ ಹೋಗಲಿಲ್ಲ. 2013ರಲ್ಲಿ ಆ ಕಂಬಗಳನ್ನೂ ಕಿತ್ತರು.

ಅಪಘಾತವೇ ಕಾರಣ ಅಂತ ಹೇಳಿ ಮುಗಿಸಬಹುದು. ಆದರೆ ಪಟ್ಟಿ ಹಿಡಿದು ನೋಡಿ. ಇದನ್ನ ಕೊಳ್ಳುವವರು ಯಾರು? ಪ್ರಯಾಣಿಕ ಅಲ್ಲ, ಒಂದು ನಗರ ಅಥವಾ ಸರ್ಕಾರ. ಸ್ವಲ್ಪ ಕೊಂಡು ನೋಡೋಣ ಅನ್ನೋಕೆ ಆಗಲ್ಲ. ಕೊಂಡರೆ ಇಡೀ ಮಾರ್ಗ. ಈಗಿರುವ ಹಳಿಗೂ, ಬೋಗಿಗೂ, ಬಿಡಿಭಾಗಕ್ಕೂ ಇದು ಕೂಡಲ್ಲ. ಪರೀಕ್ಷಿಸುವ ಅವಕಾಶ ಮಡಗಾಂವ್‌ನ ಆ ತುಂಡಿನಲ್ಲಿ ಮಾತ್ರ ಇತ್ತು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ. ರೋರೋದಲ್ಲಿ ಒಂದು ದಿನ ತೊಂದರೆಯಾದರೆ ಅದು ಒಂದು ಟ್ರಿಪ್ಪಿನ ತೊಂದರೆ. ಸ್ಕೈಬಸ್‌ನಲ್ಲಿ ಒಂದು ದಿನದ ದುರಂತ ಇಡೀ ಪ್ರಾಡಕ್ಟಿನ ಮುಖವಾಯಿತು. ಕಾಣುವಿಕೆ ಅನ್ನೋ ಗುಣ ಎರಡೂ ಕಡೆ ಕತ್ತರಿಸ್ತದೆ.

ಸರಕು ಇಳಿಸದೆ ಸಾಗಿಸುವ ಈ ಉಪಾಯದ ದೊಡ್ಡಣ್ಣ ಹಡಗಿನ ಕಂಟೇನರ್. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್ ಹೊತ್ತು ಒಂದು ಹಡಗು ಹೊರಟಿತು. ಅದನ್ನ ಮಾಡಿಸಿದ ಮಾಲ್ಕಮ್ ಮೆಕ್ಲೀನ್ ಹಡಗಿನ ಮನುಷ್ಯನೇ ಅಲ್ಲ, ಲಾರಿ ಮಾಲೀಕ. ಬಂದರಿನಲ್ಲಿ ಲಾರಿ ನಿಲ್ಲಿಸಿಕೊಂಡು ಕಾಯುವ ನೋವು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಯಾವ ಹೊಸ ತಂತ್ರಜ್ಞಾನವೂ ಇರಲಿಲ್ಲ.

ಒಂದು ಎಚ್ಚರಿಕೆ. ಲಾಭ ಅನ್ನೋದು ಯಾವಾಗಲೂ ಇನ್ನೊಂದರ ಹೋಲಿಕೆಯಲ್ಲಿ. ಹೆದ್ದಾರಿ ಇಕ್ಕಟ್ಟಾಗಿದ್ದಾಗ ರೋರೋ ಲಾಭ ದೊಡ್ಡದು. ಅದೇ ರಸ್ತೆ, ಈಗಿನ ಎನ್‌ಎಚ್ 66, ನಾಲ್ಕು ಪಥ ಆದಷ್ಟೂ ಆ ಲೆಕ್ಕ ಬದಲಾಗ್ತದೆ. ಗೆದ್ದ ಪ್ರಾಡಕ್ಟ್ ಕೂಡ ಮತ್ತೆ ಮತ್ತೆ ಗೆಲ್ಲಬೇಕು.

ಫೋನು ಮತ್ತು ಬೂತಾಯಿ

ಇನ್ನೊಂದು ಕಥೆ ನಮ್ಮಿಂದ ದಕ್ಷಿಣದ ಕರಾವಳಿಯದ್ದು. 1997ರಿಂದ 2000ದ ನಡುವೆ ಮೊಬೈಲ್ ಸಿಗ್ನಲ್ ಕೋಝಿಕ್ಕೋಡ್, ಆಮೇಲೆ ಕಣ್ಣೂರು, ಕೊನೆಗೆ ಕಾಸರಗೋಡು ಅಂತ ಒಂದೊಂದೇ ಕಡೆ ಬಂತು. ಟವರ್‌ಗಳು ಕರಾವಳಿ ಹತ್ತಿರವೇ ಇದ್ದದ್ದರಿಂದ ಸಮುದ್ರದಲ್ಲಿ 20-25 ಕಿ.ಮೀ. ದೂರದವರೆಗೂ ಸಿಗ್ನಲ್ ಸಿಗ್ತಿತ್ತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಲ್ಲಿನ ಬೂತಾಯಿ ಮಾರಾಟವನ್ನು ವಾರವಾರ ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ನಾವು ತಾರ್ಲೆ ಅನ್ನುವ ಮೀನೇ ಅದು.

ಫೋನ್ ಬರುವ ಮೊದಲು ದೋಣಿಯವರು ತಮ್ಮ ಊರಿನ ದಡಕ್ಕೇ ಬಂದು ಮಾರ್ತಿದ್ದರು. 1997ರ ಜನವರಿ 14ರಂದು ವಡಕರದಲ್ಲಿ 11 ಮೀನುಗಾರರಿಗೆ ಒಬ್ಬ ಗಿರಾಕಿಯೂ ಸಿಗದೆ ಮೀನು ಚೆಲ್ಲುವ ಹಾಗಾಯ್ತು. ಅದೇ ಹೊತ್ತಿಗೆ 15 ಕಿ.ಮೀ. ಒಳಗಿನ ಬೇರೆ ದಡಗಳಲ್ಲಿ 27 ಗಿರಾಕಿಗಳು ಮೀನು ಸಿಗದೆ ವಾಪಸ್ ಹೊರಟಿದ್ದರು. ಫೋನ್ ಬಂದ ಮೇಲೆ ಸಮುದ್ರದಿಂದಲೇ ವಿಚಾರಿಸಿ ಬೇಡಿಕೆ ಇರುವ ದಡಕ್ಕೆ ಹೋಗೋದು ಶುರುವಾಯಿತು. ಮೀನು ಚೆಲ್ಲೋದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8 ಏರಿತು, ಕೊಳ್ಳುವವರ ಬೆಲೆ ಶೇ 4 ಇಳಿಯಿತು.

ಆ ಕಾಲದಲ್ಲಿ ಫೋನ್ ಅಗ್ಗವಾಗಿರಲಿಲ್ಲ. ಮೀನುಗಾರರಿಗಾಗಿ ಯಾರೂ ಆ ಫೋನ್ ಮಾಡಿರಲಿಲ್ಲ. ಆ್ಯಪ್ ಅಂತೂ ಇರಲೇ ಇಲ್ಲ. ಆದರೂ ಬಹುಬೇಗ ಅರ್ಧಕ್ಕಿಂತ ಹೆಚ್ಚು ದೋಣಿಗಳಿಗೆ ಫೋನ್ ಬಂತು. ಕಾರಣ ಸರಳ. ಮಾತಾಡೋದು ಹೊಸದಾಗಿ ಕಲಿಯಬೇಕಾದ ಕೆಲಸ ಅಲ್ಲ. ಮತ್ತೆ, ಫೋನಿನಿಂದ ಸಿಕ್ಕ ಮಾಹಿತಿ ಕೈಯಲ್ಲಿದ್ದರೆ ಅವರು ತಕ್ಷಣ ಮಾಡಬಹುದಾದ ಒಂದು ಕೆಲಸ ಇತ್ತು: ದೋಣಿಯ ಮೂತಿ ತಿರುಗಿಸೋದು.

ಇಲ್ಲೇ ನನಗೆ ನಮ್ಮ ಸೆನ್ಸರ್‌ನ ತಪ್ಪು ಸ್ಪಷ್ಟವಾದದ್ದು. ನಮ್ಮದೂ ಮಾಹಿತಿ ಕೊಡ್ತಿತ್ತು. ಆದರೆ ಆ ಅಕ್ಕ ಮಾಹಿತಿ ಪಡೆದು ತಿರುಗಿಸಬಹುದಾದ ಮೂತಿ ಯಾವುದೂ ಇರಲಿಲ್ಲ. ಐಸ್ ಮತ್ತೆ ಹಾಕಿಸಬೇಕಾದರೆ ದುಡ್ಡು, ಬುಟ್ಟಿ ಬಿಟ್ಟು ಹೋಗಬೇಕಾದರೆ ವ್ಯಾಪಾರ ನಷ್ಟ. ಅವರಿಗೆ ಗೊತ್ತಿದ್ದ ಸುದ್ದಿಯನ್ನೇ ನಾವು ಬ್ಯಾಟರಿ ಹಾಕಿ ಹೇಳಿದ್ವಿ.

ಓಡಿದ್ದೆಲ್ಲ ಒಳ್ಳೆಯದಾ?

ಪಾಠ ಇಲ್ಲಿಗೆ ಮುಗಿಸಿದರೆ ಅರ್ಧ ಸತ್ಯ ಆಗ್ತದೆ. ನಮ್ಮ ಕರಾವಳಿಯಲ್ಲಿ ತುಂಬಾ ವೇಗವಾಗಿ ಹರಡಿದ ಪ್ರಾಡಕ್ಟ್ ಒಂದಿದೆ: ಪರ್ಸೀನ್ ಬಲೆ. ಅದಕ್ಕೂ ಮೊದಲು ಇಲ್ಲಿ ರಂಪಣಿ ಇತ್ತು. ದೋಣಿಯಲ್ಲಿ ಬಲೆ ಬಿಟ್ಟು, ದಡದಲ್ಲಿ ನಿಂತ ಹತ್ತಾರು ಜನ ಎರಡೂ ಕಡೆಯಿಂದ ಎಳೀತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ಮಧ್ಯದಲ್ಲಿ ಯಾಂತ್ರಿಕ ಬೋಟಿನ ಪರ್ಸೀನ್ ಕರ್ನಾಟಕಕ್ಕೆ ಬಂತು. ಬಂಗಡೆ, ತಾರ್ಲೆ ಹಿಂಡು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲೇ ಸುತ್ತುವರಿದು, ಬಲೆಯ ಕೆಳಬಾಯಿಯನ್ನು ಹಗ್ಗದ ಚೀಲದ ಹಾಗೆ ಬಿಗಿಯೋದು. ರೋಜರ್ಸ್ ಪಟ್ಟಿಯಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್ ಸಿಗ್ತದೆ. ಒಂದು ಬೋಟು ತುಂಬಿ ಬಂದದ್ದು ಇಡೀ ಬಂದರಿಗೆ ಕಾಣ್ತದಲ್ಲ! ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚುಕಡಿಮೆ ಮಾಯವಾಯಿತು. ದಡದಲ್ಲಿ ನಿಂತು ಬಲೆ ಎಳೆದು ಪಾಲು ತರುತ್ತಿದ್ದವರು ಆಗ ಬೀದಿಗಿಳಿದು ಪ್ರತಿಭಟಿಸಿದರು. ಬೋಟಿನ ಮಾಲೀಕನಿಗೆ ಬಂದ ಲಾಭವೂ ನಿಜ, ಇವರ ನಷ್ಟವೂ ನಿಜ.

ಇತ್ತೀಚಿನದ್ದು ಎಲ್‌ಇಡಿ ದೀಪದ ಮೀನುಗಾರಿಕೆ. ರಾತ್ರಿ ಪ್ರಖರ ಬೆಳಕು ಬಿಟ್ಟು ಮೀನನ್ನು ಒಂದೆಡೆ ಸೇರಿಸಿ ಹಿಡಿಯೋದು. ಇದೂ ಬೇಗ ಹರಡಿತು. ಮರಿ ಮೀನೂ ಬಲೆಗೆ ಬೀಳ್ತದೆ, ಸಣ್ಣ ದೋಣಿಯವರಿಗೆ ಏನೂ ಉಳಿಯಲ್ಲ ಎಂಬ ಕೂಗೆದ್ದು, 2017ರಲ್ಲಿ ಕೇಂದ್ರ ಸರ್ಕಾರ ಅದನ್ನ ನಿಷೇಧಿಸಿತು.

ಅಂದರೆ ಐದು ಗುಣ "ಓಡ್ತದಾ" ಅನ್ನೋದಕ್ಕೆ ಉತ್ತರ ಕೊಡ್ತವೆ. "ಓಡಬೇಕಾ" ಅನ್ನೋದಕ್ಕಲ್ಲ. ಕೊಳ್ಳುವವನ ಲಾಭ ಒಂದು ಕಡೆ ಇರಲಿ. ಕೊಳ್ಳದೇ ಇರುವವನಿಗೆ ಇದರಿಂದ ಏನಾಗ್ತದೆ? ಇದನ್ನ ಆರನೇ ಪ್ರಶ್ನೆ ಅಂತ ನಾನೇ ಸೇರಿಸಿಕೊಂಡಿದ್ದೇನೆ.

ಮುಂದಿನ ಪ್ರಾಜೆಕ್ಟಿಗೆ ಮೊದಲು

ಗೆಳೆಯರೇ, ಮುಂದಿನ ಸೆಮಿಸ್ಟರ್‌ನಲ್ಲಿ ಕಾಂಪೊನೆಂಟ್ ಆರ್ಡರ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಇಷ್ಟಕ್ಕೆ ಉತ್ತರ ಬರೀರಿ. ಈ ಕೆಲಸವನ್ನ ಜನ ಈಗ ಹೇಗೆ ಮಾಡ್ತಾ ಇದ್ದಾರೆ? ನಮ್ಮ ವಸ್ತು ಬಂದರೆ ಅವರು ಯಾವ ಅಭ್ಯಾಸ ಬಿಡಬೇಕು? ಒಂದು ದಿನದ ಮಟ್ಟಿಗೆ, ದುಡ್ಡು ಕೊಡದೆ ಬಳಸಿ ನೋಡಬಹುದಾ? ಫಲ ಪಕ್ಕದವರಿಗೆ ಕಾಣ್ತದಾ? ಸೋತರೆ ನಷ್ಟ ಯಾರಿಗೆ, ನಮಗಾ ಅವರಿಗಾ? ಬಳಸದವರಿಗೆ ಏನಾಗ್ತದೆ? ಒಂದಕ್ಕಾದರೂ "ಗೊತ್ತಿಲ್ಲ" ಅಂತ ಬಂದರೆ ಲ್ಯಾಬ್‌ಗೆ ಹೋಗಬೇಡಿ, ಬಸ್ ಹತ್ತಿ. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ, ಯಾವ ಬಂದರೂ ದೂರ ಇಲ್ಲ.

ನಾನು ಮತ್ತೆ ಆ ಅಕ್ಕನ ಹತ್ರ ಹೋದೆ. ಈ ಸಲ ಕೈಯಲ್ಲಿ ಮಿಷನ್ನು ಇರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪಕ್ಕದಲ್ಲಿ ಕೂತೆ. ಐಸ್ ಬೇಗ ಕರಗೋದು ಬಿಸಿಲಿನಿಂದ ಅಂತ ನಾನು ಅಂದುಕೊಂಡಿದ್ದೆ. ಕೂತು ನೋಡಿದಾಗ ಕಂಡದ್ದು ಬೇರೆ. ಪ್ರತಿ ಗಿರಾಕಿಗೂ ಬಾಕ್ಸಿನ ಇಡೀ ಮುಚ್ಚಳ ತೆಗೀಬೇಕು, ಅವರು ಆರಿಸುವವರೆಗೆ ತೆರೆದೇ ಇಡಬೇಕು. ಮಧ್ಯಾಹ್ನದ ಹೊತ್ತಿಗೆ ಐಸ್ ನೀರಾಗಿರ್ತದೆ, ಸಂಜೆ ಉಳಿದ ಮೀನು ಅರ್ಧ ದರಕ್ಕೆ ಹೋಗ್ತದೆ. ಆ ಅರ್ಧ ದರವೇ ಅವರ ದಿನದ ಲಾಭ.

ಈಗ ನಾವು ನಾಲ್ವರು ಮಾಡ್ತಿರೋದು ಥರ್ಮೊಕೋಲ್ ಬಾಕ್ಸಿಗೆ ಎರಡು ಭಾಗದ ಮುಚ್ಚಳ. ಒಂದು ಭಾಗ ತೆಗೆದರೆ ಗಿರಾಕಿಗೆ ಮೀನು ಕಾಣ್ತದೆ, ಇನ್ನೊಂದರ ಕೆಳಗೆ ಐಸ್ ಮತ್ತು ಉಳಿದ ಮೀನು ಮುಚ್ಚೇ ಇರ್ತದೆ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ನಮ್ಮ ಹಳೆಯ ಸೆನ್ಸರ್‌ಗೂ ಒಂದು ಕೆಲಸ ಸಿಕ್ಕಿದೆ: ಎರಡು ಬಾಕ್ಸ್ ಪಕ್ಕಪಕ್ಕ ಇಟ್ಟು ಯಾವುದು ಎಷ್ಟು ಹೊತ್ತು ತಣ್ಣಗಿರ್ತದೆ ಅಂತ ಅಳೆಯೋದಕ್ಕೆ ನಾವೇ ಬಳಸ್ತಿದ್ದೇವೆ.

ಓಡ್ತದಾ? ಅಕ್ಕ ಒಂದು ವಾರ ಇಟ್ಟು ನೋಡ್ತೇನೆ ಅಂದಿದ್ದಾರೆ. "ಸರಿ ಆಗದಿದ್ರೆ ವಾಪಸ್ ತಗಂಡ್ ಹೋಗ್ಬೇಕು ತಮಾ" ಅಂತ ಮೊದಲೇ ಕರಾರು ಹಾಕಿದ್ದಾರೆ. ರೋಜರ್ಸ್‌ನ ನಾಲ್ಕನೇ ಗುಣವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.